ಹೋದ್ರ ಸರ್ ಸೋಸಿದ ನೀರು

ಬೆಳಗಾವಿಯಲ್ಲಿ ಚುರುಗುಡುವ ಬಿಸಿಲಿದ್ದಾಗ ಖಾನಾಪುರದ ದಿಕ್ಕಿಗೆ ಮುಖ ಮಾಡಿ ಹೆದರಿ ನಿಲ್ಲುವ ಮನುಷ್ಯನನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಊರಿನ ಕ್ಯಾಂಪ್ ಬಡಾವಣೆಯ ಚಹಾದಂಗಡಿಯ ಮುಂದೆ, ಕೈಯಲ್ಲಿನ ಚಹಾ ಆರಿಹೋಗುತ್ತಿದ್ದರೂ ಲಕ್ಷ್ಯವಿಲ್ಲದೆ, ಮರಗಳ ತಲೆಯಾಚೆಗಿನ ಆಕಾಶವನ್ನೇ ನೋಡುತ್ತಿದ್ದರು. "ಏನ್ ನೋಡ್ತೀರಿ ಸರ್?" ಎಂದರೆ ಉತ್ತರ ಸಿದ್ಧವಿರುತ್ತಿತ್ತು.

"ಇಲ್ಲಿ ಬಿಸಲೈತಿ ಖರೇ. ಅಲ್ಲಿ ಮ್ವಾಡ ಇದ್ರ?"

ಅವರ ಮಾತು ಮುಗಿಯುತ್ತಿದ್ದುದೇ ಹಾಗೆ. ಇದ್ರ, ಹೋದ್ರ, ಬರಲಿಲ್ಲಂದ್ರ. ಪಾಲಿಟೆಕ್ನಿಕ್ಕಿನಲ್ಲಿ ನಮಗೆ ವಿದ್ಯುತ್ ಪಾಠ ಹೇಳುತ್ತಿದ್ದ ಕಾಲದಿಂದಲೂ ಅಷ್ಟೇ. ಹಲಗೆಯ ತುಂಬ ಅಚ್ಚುಕಟ್ಟಾಗಿ ಸರ್ಕ್ಯೂಟ್ ಬರೆದು, ಸೀಮೆಸುಣ್ಣದ ಕೈಯನ್ನು ಹೊಟ್ಟೆಯ ಮೇಲೆ ಒರೆಸಿಕೊಂಡು, ನಮ್ಮ ಕಡೆ ತಿರುಗಿ, "ಎಲ್ಲಾ ಛಲೋ ಐತಿ. ಫ್ಯೂಜ್ ಹೋದ್ರ?" ಎನ್ನುತ್ತಿದ್ದರು. ಹೊಸದು ಹಾಕುತ್ತೇವೆ ಎಂದರೆ "ಅದೂ ಹೋದ್ರ?" ಒಂದು ದಿನ ಹಿಂದಿನ ಬೆಂಚಿನಿಂದ ಯಾರೋ "ನಾವೂ ಮನಿಗೆ ಹೋಗೂದು, ಸರ್" ಎಂದು ಕೂಗಿದರು. ಇಡೀ ಕ್ಲಾಸು ನಕ್ಕಿತು. ಅವರೂ ನಕ್ಕರು. ನಗು ನಿಂತ ಮೇಲೆ ಬಹಳ ಗಂಭೀರವಾಗಿ "ಮನಿಗೆ ಹೋಗೂ ಬಸ್ಸ ಹೋದ್ರ?" ಎಂದು ಕೇಳಿದರು. ಅಂದಿನಿಂದ ಅವರು ಹೋದ್ರ ಸರ್ ಆದರು. ಅವರ ನಿಜವಾದ ಹೆಸರು ಹಿಡಿದು ಕೇಳಿದರೆ ನಮ್ಮ ಬ್ಯಾಚಿನ ಅರ್ಧ ಮಂದಿಗೆ ಯಾರೆಂದು ಗೊತ್ತಾಗಲಿಕ್ಕಿಲ್ಲ.

ಈ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಅವರ ಮನೆಯವರು ಫೋನ್ ಮಾಡಿ, "ತಮ್ಮಾ, ಸರ್ ಹೋದ್ರು" ಎಂದರು. ರೂಢಿಯ ಬಲ ನೋಡಿ, ನನಗೆ ಅದು 'ಹೋದ್ರ?' ಎಂದೇ ಕೇಳಿಸಿತು. ಮುಂದಿನ ಮಾತಿಗಾಗಿ ಕಾಯುತ್ತ ನಿಂತಿದ್ದೆ. ಆ ಕಡೆಯಿಂದ ಅಳು ಬಂದ ಮೇಲೆಯೇ ತಿಳಿದದ್ದು.

ಸರ್ ಪಾರಿಶ್ವಾಡದ ಜೈನ ರೈತರ ಮನೆಯವರು. ಅವರ ಊರು ಇರುವುದು ಖಾನಾಪುರ ತಾಲೂಕಿನಲ್ಲೇ, ಆದರೆ ಮೂಡಣ ಮಗ್ಗುಲಿಗೆ. ಅಲ್ಲಿ ಹೊಲ, ಬಯಲು, ಕನ್ನಡ. ಪಡುವಣಕ್ಕೆ ಹೋದರೆ ಅದೇ ತಾಲೂಕು ಕಾಡಾಗುತ್ತದೆ, ಮಳೆಯಾಗುತ್ತದೆ, ಮಾತು ಮರಾಠಿಯಾಗುತ್ತದೆ. ಸರ್ ಮರಾಠಿಯನ್ನು ಸಾಲಿಯಲ್ಲಿ ಕಲಿತವರಲ್ಲ. ಬೆಳಗಾವಿಯ ಪೇಟೆಯಲ್ಲಿ ಕಾಯಿಪಲ್ಲೆ ಕೊಳ್ಳುತ್ತ, ರಿಕ್ಷಾದವರ ಹತ್ತಿರ ವಾದ ಮಾಡುತ್ತ ಕಲಿತವರು. ಮಾತು ಸಿಗದಿದ್ದಲ್ಲಿ ಕನ್ನಡದ ಕ್ರಿಯಾಪದಕ್ಕೇ ಮರಾಠಿ ಬಾಲ ಅಂಟಿಸಿ ಮುಂದೆ ಹೋಗುತ್ತಿದ್ದರು. ನಮ್ಮಲ್ಲಿ ಅದು ನಡೆಯುತ್ತದೆ. ಇಲ್ಲಿ ಎಲ್ಲರೂ ಎಲ್ಲರದನ್ನೂ ಹಾಗೆಯೇ ತಿಳಿದುಕೊಳ್ಳುತ್ತೇವೆ. ತಿಳಿದುಕೊಂಡಿದ್ದೇವೆ ಎಂದು ನಂಬಿಕೊಂಡಿರುತ್ತೇವೆ.

ನನ್ನ ಹೆಂಡತಿ ಖಾನಾಪುರ ಕಡೆಯ ಮರಾಠಿ ಮನೆಯ ಹೆಣ್ಣು. ಸರ್ ನಮ್ಮ ಮನೆಗೆ ಬಂದರೆ ಅವಳೊಂದಿಗೆ ಹಟಮಾಡಿ ಮರಾಠಿಯಲ್ಲೇ ಮಾತಾಡುವರು. ಅವಳು ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಓಡಿಬಂದು ನಗುವಳು.

ನಿವೃತ್ತಿಯ ನಂತರ ಸರ್ ಒಂದು ಸಣ್ಣ ಟ್ರಸ್ಟಿನ ಜೊತೆ ಸೇರಿ ಕಾಡಿನ ವಾಡಿಗಳಿಗೆ ಕುಡಿಯುವ ನೀರಿನ ಯಂತ್ರ ಕೂಡಿಸುವ ಕೆಲಸ ಹಿಡಿದರು. ವಾಡಿ ಎಂದರೆ ಕಾಡಿನ ನಡುವೆ ಬಿಡಿಬಿಡಿಯಾಗಿರುವ ಕೆಲವೇ ಮನೆಗಳ ಗುಂಪು. ಅಲ್ಲಿಗೆ ಕರೆಂಟಿನ ಕಂಬ ಹೋಗಿಲ್ಲ, ಹೋದರೂ ಮೊದಲ ಮಳೆಗೇ ಮಲಗುತ್ತದೆ. ಹಾಗಾಗಿ ಸೋಲಾರ್. ಹಳ್ಳದ ನೀರು ಮೊದಲು ಮರಳು ತುಂಬಿದ ಟಾಕಿಯೊಳಗೆ ಇಳಿದು ತಿಳಿಯಾಗಬೇಕು. ಆಮೇಲೆ ಒಂದು ಉಕ್ಕಿನ ಕೊಳವೆಯೊಳಗೆ ಉರಿಯುವ ನೀಲಿ ದೀಪದ ಮಗ್ಗುಲಿನಿಂದ ಹಾಯಬೇಕು. ಕಣ್ಣಿಗೆ ಕಾಣದ ರೋಗದ ಕ್ರಿಮಿಗಳು ಆ ಬೆಳಕಿಗೆ ಸಾಯುತ್ತವೆ. ಕೊಳವೆಗೊಂದು ಸಣ್ಣ ಗಾಜಿನ ಕಿಂಡಿ. ಅದರಲ್ಲಿ ನೀಲಿ ಕಂಡರೆ ದೀಪ ಉರಿಯುತ್ತಿದೆ ಎಂದರ್ಥ. ದೀಪಕ್ಕೂ ಬ್ಯಾಟರಿಗೂ ಬೇಕಾದ ಪ್ಯಾನೆಲ್ ಬೋರ್ಡುಗಳನ್ನು ಬೆಳಗಾವಿ ಹತ್ತಿರದ ಮಚ್ಛೆಯ ನನ್ನ ಸಣ್ಣ ಕಾರ್ಖಾನೆಯಲ್ಲಿ ಮಾಡುತ್ತಿದ್ದೆವು. ಹೀಗೆ ಗುರುಗಳು ಮತ್ತೆ ನನ್ನ ಕೊರಳಿಗೆ ಬಿದ್ದರು.

ಅವರು ಕಾರ್ಖಾನೆಗೆ ಬಂದರೆ ಹುಡುಗರ ಕೆಲಸ ಎರಡರಷ್ಟಾಗುತ್ತಿತ್ತು. ಬಿಗಿದ ಸ್ಕ್ರೂವನ್ನು ಇನ್ನೊಮ್ಮೆ ಬಿಗಿಸುವರು. ಹೊರಟವರು ಗೇಟಿನಿಂದ ವಾಪಸ್ಸು ಬಂದು ಮತ್ತೆ ಬೋರ್ಡಿನ ಬಾಗಿಲು ಎಳೆದು ನೋಡುವರು. ಮನೆ ಮುಟ್ಟಿದ ಮೇಲೆ ಫೋನ್ ಬರುವುದು: "ತಮ್ಮಾ, ಆ ನೀಲಿ ವಾಯರ್ ಒಂದ್ಸಲ ಜಗ್ಗಿ ನೋಡು." ನಾನು ಜಗ್ಗದೆಯೇ "ಜಗ್ಗಿದೆ, ಸರ್" ಎನ್ನುತ್ತಿದ್ದೆ. ಅವರಿಗೂ ಅದು ಗೊತ್ತಿತ್ತು. ಮರುದಿನ ಬಂದು ತಾವೇ ಜಗ್ಗುತ್ತಿದ್ದರು.

ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುತ್ತಿರಲಿಲ್ಲ, ನೀರನ್ನೂ ಕುಡಿಯುತ್ತಿರಲಿಲ್ಲ. ಮನೆತನದಿಂದ ಬಂದ ವ್ರತ. ಸಂಜೆ ಯಾರಾದರೂ ಬಲವಂತ ಮಾಡಿದರೆ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು, "ಇದೂ ಸೋಲಾರ್ ಮಷೀನ್ ರೀ. ಸೂರ್ಯಾ ಹೋದ್ರ ಬಂದ್!" ಎನ್ನುತ್ತಿದ್ದರು. ಅವರ ಬಾಯಲ್ಲಿ 'ಹೋದ್ರ' ಎಂಬುದು ಹೆದರಿಕೆಯಿಲ್ಲದೆ ಬರುತ್ತಿದ್ದುದು ಆ ಒಂದು ಮಾತಿನಲ್ಲಿ ಮಾತ್ರ.

ಅವರ ಮನೆಯಲ್ಲಿ ನೀರನ್ನು ಸೋಸುವುದೆಂದರೆ ಒಂದು ಆಚಾರ. ನಲ್ಲಿಯ ಬಾಯಿಗೆ ಬಿಳಿ ಅರಿವೆಯನ್ನು ಇಮ್ಮಡಿಯಾಗಿ ಕಟ್ಟಿರುತ್ತಿದ್ದರು. ಪಾರಿಶ್ವಾಡದಲ್ಲಿ ಅವರ ತಾಯಿ ಬಾವಿಯ ನೀರನ್ನು ಸೋಸಿದ ಮೇಲೆ ಆ ಅರಿವೆಯನ್ನು ತಿರುವಿ, ಸೋಸಿದ ನೀರನ್ನೇ ಅದರ ಮೇಲೆ ಸುರಿದು, ಅದರಲ್ಲಿದ್ದ ಜೀವಗಳನ್ನೆಲ್ಲ ಮತ್ತೆ ಬಾವಿಗೇ ಇಳಿಸುತ್ತಿದ್ದರಂತೆ. ಅರಿವೆ ಮೈಲಿಗೆಯಾಯಿತೆಂದಲ್ಲ, ಬಾವಿ ಅವುಗಳ ಮನೆ ಎಂದು. ಇದನ್ನು ಹೇಳುವಾಗ ಸರ್ ಗಾಳಿಯಲ್ಲಿ ಅರಿವೆ ಹಿಡಿದು ತಿರುವಿ ತೋರಿಸುತ್ತಿದ್ದರು. ಆ ದಪ್ಪ ಬೆರಳುಗಳು ಆಗ ಎಷ್ಟು ಮೆತ್ತಗಾಗುತ್ತಿದ್ದವೆಂದರೆ ನನಗೆ ನೋಡುತ್ತಲೇ ಇರಬೇಕೆನಿಸುತ್ತಿತ್ತು.

"ನಿಮ್ಮವ್ವ ಜೀವಾ ಉಳಸ್ತಿದ್ರು. ನೀವು ದೀಪಾ ಹಚ್ಚಿ ಕೊಲ್ಲಾಕತ್ತೀರಲ್ರೀ, ಸರ್" ಎಂದು ಒಮ್ಮೆ ಕೆಣಕಿದೆ.

ಅವರು ನಗಲಿಲ್ಲ. "ಅದs ನಂಗೂ ಹತ್ತೇತಿ, ತಮ್ಮಾ" ಎಂದರು. "ಆದ್ರ ಆ ಕಡೆ ಕೂಸುಗೋಳು ಅದಾವ. ಯಾವ್ದರ ಒಂದು ಆರಿಸಬೇಕಂದ್ರ ಏನ್ಮಾಡ್ಲಿ?" ಆಮೇಲಿಂದ ಪ್ರತಿ ಯಂತ್ರದ ಮೊದಲ ಕೊಳವೆಗೂ ತಮ್ಮ ಕೈಯಾರೆ ಒಂದು ಇಮ್ಮಡಿ ಅರಿವೆ ಕಟ್ಟಿಯೇ ಬರುತ್ತಿದ್ದರು. ಯಂತ್ರಕ್ಕೆ ಅದರಿಂದ ಏನೂ ಆಗಬೇಕಾಗಿರಲಿಲ್ಲ.

ಒಂದು ವಾಡಿಯ ಯಂತ್ರವನ್ನು ನೋಡಿಕೊಳ್ಳುತ್ತಿದ್ದವಳು ಸುನಂದಾ ಎಂಬ ಹೆಣ್ಣುಮಗಳು. ಅವಳ ಪುಟ್ಟ ಮಗಳನ್ನು ಎಲ್ಲರೂ ಚಿಮಣಿ ಎಂದು ಕರೆಯುತ್ತಿದ್ದರು. ಸರ್ ನಮ್ಮ ಮನೆಗೆ ಬಂದು, "ಎಂಥಾ ಹೆಸರಿಟ್ಟಾರ ನೋಡು. ಕರೆಂಟಿಲ್ಲದ ಊರಾಗ ಕೂಸಿಗೆ ಚಿಮಣಿ ಅಂತ! ದೀಪಾ ಅಂದಂಗ" ಎಂದು ಹಿಗ್ಗಿದರು. ನನ್ನ ಹೆಂಡತಿ ಅಡುಗೆಮನೆಯಿಂದಲೇ "ಚಿಮಣಿ ಅಂದ್ರ ನಮ್ಮಲ್ಲಿ ಗುಬ್ಬಿ ರೀ, ಸರ್" ಎಂದಳು. ಸರ್ ಬೆಪ್ಪಾದರು. ನಾವು ನಕ್ಕೆವು. ಎರಡು ಭಾಷೆಯ ನಡುವೆ ಬದುಕುವವರಿಗೆ ಇಂಥ ನಗೆ ದಿನವೂ ಸಿಗುತ್ತದೆ.

ಆ ವಾಡಿಯ ಯಂತ್ರ ಮಾಡುವಾಗ ನನಗೂ ಸರ್‌ಗೂ ಒಂದು ವಿಷಯದಲ್ಲಿ ದೊಡ್ಡ ವಾದವಾಗಿತ್ತು. ಮೋಡ ಕವಿದು ಬ್ಯಾಟರಿ ಇಳಿದು ದೀಪ ಆರಿದರೆ ನೀರನ್ನೂ ನಿಲ್ಲಿಸಬೇಕೋ ಬಿಡಬೇಕೋ? ನಿಲ್ಲಿಸುವ ವಾಲ್ವ್ ಕೂಡಿಸೋಣ ಎಂದೆ. ಸರ್ ತಲೆಯಾಡಿಸಿದರು. "ನಲ್ಲಿ ಬಂದ್ ಆದ್ರ ಅವರು ಸೀದಾ ಹಳ್ಳಕ್ಕ ಹೋಗ್ತಾರ. ಅದರಕಿಂತಾ ಮರಳಿನ್ಯಾಗ ಸೋಸಿದ್ದರ ಕುಡೀಲಿ. ದೀಪಾ ಆರಿದ್ರ ನೀರ ಕುದಿಸಿ ಕುಡೀರಿ ಅಂತ ಹೇಳೀನಿ. ನಾ ಫೋನ್ ಮಾಡಿ ಕೇಳ್ತಿರ್ತೀನಲ್ಲ." ವಾದದಲ್ಲಿ ಹುರುಳಿತ್ತು, ನಾನು ಸುಮ್ಮನಾದೆ. ಹೀಗೆ ಆ ವಾಡಿಯ ನೀರಿನ ಭಾರವೆಲ್ಲ ಸರ್ ಅವರ ಫೋನಿನ ಮೇಲೆ ಬಂತು.

ಅವರು ಫೋನ್ ಮಾಡುವುದಕ್ಕೂ ಒಂದು ಕ್ರಮವಿತ್ತು. ವಾಡಿಯಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡದ ಮೇಲಿನ ಒಂದು ಬಂಡೆಗಲ್ಲಿನ ಮೇಲೆ ನಿಂತರೆ ಮಾತ್ರ ಸಿಗುತ್ತದೆ. ಸುನಂದಾ ಎಮ್ಮೆ ಮೇಯಿಸಲು ಅತ್ತ ಬರುವ ಹೊತ್ತು ನೋಡಿ ಸರ್ ಫೋನ್ ಹಚ್ಚುವರು. ಗಾಳಿ, ಮಳೆಯ ಸದ್ದು, ಮಾತು ತುಂಡುತುಂಡು. ಹಾಗಾಗಿ ಒಂದೇ ಪ್ರಶ್ನೆ.

"ಪಾಣೀ ಸೋಸತಂಯ ಕಾ?"

ನೀರು ಸೋಸುತ್ತಿದೆಯಾ, ಯಂತ್ರ ನಡೆಯುತ್ತಿದೆಯಾ ಎಂದು ಅವರ ಅರ್ಥ. ಆ ಕಡೆಯಿಂದ "ಹೋ, ಸೋಸತಂಯ ಕೀ!" ಎಂದು ಖುಷಿಯ ದನಿ ಬರುವುದು. ಸರ್ ಉಸಿರು ಬಿಡುವರು. ಆ ದಿನದ ಮಟ್ಟಿಗೆ ಅವರ ಚಹಾ ಬಿಸಿಯಾಗಿಯೇ ಹೊಟ್ಟೆ ಸೇರುವುದು.

ಒಂದು ಆಷಾಢದಲ್ಲಿ ಘಟ್ಟದ ಕಡೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ಬೆಳಗಾವಿಯಲ್ಲೇ ಅರಿವೆ ಒಣಗುತ್ತಿರಲಿಲ್ಲ, ಇನ್ನು ಕಾಡಿನಲ್ಲಿ ಸೂರ್ಯನ ಮುಖ ಕಂಡವರಾರು? ಸರ್ ದಿನಾ ಫೋನ್ ಮಾಡುತ್ತಿದ್ದರು, ದಿನಾ ಅದೇ ಪ್ರಶ್ನೆ, ಅದೇ "ಸೋಸತಂಯ." ನನಗೇ ಆಶ್ಚರ್ಯವಾಗುತ್ತಿತ್ತು. "ನಮ್ಮ ಬ್ಯಾಟರಿ ಇಷ್ಟ್ ದಿನಾ ಹೆಂಗ ತಡೀತು, ಸರ್?" ಎಂದರೆ ಅವರು ಹೆಮ್ಮೆಯಿಂದ ನನ್ನ ಭುಜ ತಟ್ಟಿ, "ಯಾರ ಶಿಷ್ಯಾನೋ ನೀ!" ಎಂದರು. ಎಲ್ಲದಕ್ಕೂ ಹೆದರುವ ಮನುಷ್ಯ ಅದೊಂದಕ್ಕೆ ಹೆದರಲಿಲ್ಲ. ಕಿವಿಯಾರೆ ಕೇಳಿದ ಮಾತಲ್ಲವೇ.

ಒಂದು ಮುಂಜಾನೆ ಅವರು ಕೊಡೆ ಕೊಡವುತ್ತ ನಮ್ಮ ಮನೆಗೆ ಬಂದರು. ಅಂದು ಸ್ವಲ್ಪ ಕಳವಳವಿತ್ತು, ಆದರೆ ದೊಡ್ಡದೇನಲ್ಲ. ಕುಂತು ಅವಲಕ್ಕಿ ತಿನ್ನುತ್ತ ಹೇಳಿದರು:

"ನಿನ್ನೆ ಆ ಸುನಂದಾ, ಸೋಸತ ನಾಹೀ, ಸೋಸತ ನಾಹೀ ಅಂತ ಒದರಾಕತ್ತಿದ್ಳು. ಮರಳ ಕಟ್ಟಿರಬೇಕು. ಕೆಂಪು ನೀರ ಬಂದಿರ್ತದ. ಟಾಕಿ ಧುವಾ, ಅಂದ್ರ ತೊಳೀರಿ, ಅಂತ ಹೇಳೀನಿ. ತೊಳದ್ರ ಸೋಸ್ತದ. ಏನಂತಿ?"

ಅಡುಗೆಮನೆಯಲ್ಲಿ ಸದ್ದು ನಿಂತಿತು. ನನ್ನ ಹೆಂಡತಿ ಒಗ್ಗರಣೆಯ ಸೌಟು ಹಿಡಿದೇ ಹೊರಗೆ ಬಂದಳು.

"ಸರ್, ಆಕಿ ಏನಂದ್ಳು? ಬರೇ ಸೋಸತ ನಾಹೀ ಅಂದ್ಳೋ, ಪೋರಾಂನಾ ಸೋಸತ ನಾಹೀ ಅಂದ್ಳೋ?"

"ಹಾಂ, ಪೋರಾಂ ಏನೋ ಅಂದ್ಳವಾ. ಗಾಳಿಗೆ ಕೇಳ್ಲಿಲ್ಲ. ಹುಡುಗೂರು ಮರಳ ಆಡಿ ಕೆಡಿಸ್ಯಾರೇನೋ ಅಂತ..."

"ಅಯ್ಯೋ, ಸರ್!" ಅವಳು ಸೌಟನ್ನು ಕೆಳಗಿಟ್ಟಳು. "ನಮ್ಮ ಮಾತಿನ್ಯಾಗ ಸೋಸೂದು ಅಂದ್ರ ನೀರ ಸೋಸೂದಲ್ಲರೀ. ಸೋಸೂದು ಅಂದ್ರ ತಾಳೂದು, ಒಗ್ಗೂದು. ಹುಡುಗ್ರಿಗೆ ನೀರ ಒಗ್ಗವಲ್ದು ಅಂತ ಹೇಳ್ಯಾಳ ಆಕಿ. ಹುಡುಗ್ರು ಬ್ಯಾನಿ ಬಿದ್ದಾವು!"

ಸರ್ ಕೈಯಲ್ಲಿದ್ದ ತಾಟು ಹಾಗೇ ಉಳಿಯಿತು. ಹಿಂದಿನ ಎಲ್ಲ ದಿನಗಳ "ಸೋಸತಂಯ"ಗಳನ್ನು ಅವರು ಒಂದೊಂದಾಗಿ ತಿರುವಿ ಹಾಕುತ್ತಿದ್ದುದು ನನ್ನ ಕಣ್ಣಿಗೆ ಕಂಡಂತಾಯಿತು. ನೀರು ಒಗ್ಗುತ್ತಿದೆಯಾ ಎಂದು ಸಾಹೇಬರು ದಿನಾ ಕೇಳುತ್ತಾರೆ, ಎಷ್ಟು ಕಾಳಜಿ ಎಂದು ಆಕೆ ತಿಳಿದಿದ್ದಾಳೆ. ಒಗ್ಗುತ್ತಿದೆ ಎಂದು ಹೇಳಿದ್ದಾಳೆ. ದೀಪ ಎಂದು ಆರಿತ್ತೋ ಯಾರಿಗೆ ಗೊತ್ತು? ನೀರು ಮಾತ್ರ ಮರಳಿನಲ್ಲಿ ಇಳಿದು ಕನ್ನಡಿಯಂತೆ ತಿಳಿಯಾಗಿ ಬರುತ್ತಲೇ ಇತ್ತು. ತಿಳಿ ನೀರನ್ನು ಕುದಿಸುವವರು ಯಾರು? ಕೊನೆಗೆ ಮಕ್ಕಳಿಗೆ ಒಗ್ಗದೆ ಹೋದಾಗ, ಬಂಡೆಗಲ್ಲು ಹತ್ತಿ ಮಳೆಯಲ್ಲಿ ನಿಂತು ಕೂಗಿ ಹೇಳಿದ್ದಾಳೆ. ಉತ್ತರವಾಗಿ ಟಾಕಿ ತೊಳೆ ಎಂದು ಕೇಳಿಸಿಕೊಂಡಿದ್ದಾಳೆ.

"ಗಾಡಿ ತಗೀ" ಎಂದರು ಸರ್.

"ನಾನೂ ಬರ್ತೀನಿ. ನಿಮ್ಮಿಬ್ಬರ ಮರಾಠಿ ನಂಬಿ ಕಳಸಂಗಿಲ್ಲ" ಎಂದು ಹೆಂಡತಿ ಕುದಿಸಿದ ನೀರಿಗೆ ಉಪ್ಪು ಸಕ್ಕರೆ ಕಲಸಿ ದೊಡ್ಡ ಥರ್ಮಾಸಿನಲ್ಲಿ ತುಂಬಿಕೊಂಡಳು.

ಖಾನಾಪುರ ದಾಟುವವರೆಗೆ ಸರ್ ಒಂದೇ ಸಮನೆ ಫೋನ್ ಹಚ್ಚುತ್ತಿದ್ದರು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಹೆಣ್ಣುದನಿ ಮಾತ್ರ. ಅಂದು ಅವರು 'ಹೋದ್ರ?' ಎಂಬ ಪ್ರಶ್ನೆಯನ್ನು ಒಮ್ಮೆಯೂ ಕೇಳಲಿಲ್ಲ. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಆ ಪ್ರಶ್ನೆ ಗಾಡಿಯೊಳಗೆ ನಮ್ಮೊಂದಿಗೆ ಕುಳಿತೇ ಇತ್ತು. ಯಾರೂ ಬಾಯಿ ಬಿಡಲಿಲ್ಲ ಅಷ್ಟೆ.

ವಾಡಿಗೆ ಮೊದಲು ಒಂದು ಹಳ್ಳ. ಮಳೆಗಾಲದಲ್ಲಿ ಅದಕ್ಕೆ ಅಡ್ಡವಾಗಿ ಮರದ ದಿಮ್ಮಿ ಹಾಕಿರುತ್ತಾರೆ. ಅಂದು ದಿಮ್ಮಿಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಆ ದಂಡೆಯಲ್ಲಿ ನಾಲ್ಕಾರು ಜನ, ಅವರ ನಡುವೆ ಒಂದು ಬಡಿಗೆಗೆ ತೂಗುಬಿಟ್ಟ ಕಂಬಳಿ. ಕಂಬಳಿಯಲ್ಲಿ ಏನಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮಗ್ಗುಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತವಳು ಸುನಂದಾ. ನೀರು ಇಳಿಯಲೆಂದು ಅವರು ನಸುಕಿನಿಂದ ಕಾಯುತ್ತಿದ್ದರಂತೆ.

ಹೆಂಡತಿ ಗಂಟಲು ಹರಿಯುವಂತೆ ಕೂಗಿದಳು. ಹಳ್ಳದ ಅಬ್ಬರಕ್ಕೆ ಒಂದು ಅಕ್ಷರವೂ ದಾಟಲಿಲ್ಲ. ಆಗ ಸರ್ ದಂಡೆಯ ಕೆಸರಿನಲ್ಲಿ ಮುಂದೆ ಹೋಗಿ ನಿಂತು, ಒಂದು ಅಂಗೈಯನ್ನು ಪಾತ್ರೆಯಂತೆ ಹಿಡಿದು, ಅದರ ಕೆಳಗೆ ಇನ್ನೊಂದು ಕೈಯ ಬೆರಳುಗಳನ್ನು ಉರಿಯಂತೆ ಕುಣಿಸಿದರು. ಕುದಿಸಿರಿ, ಕುದಿಸಿರಿ. ಆ ಜನ ಮೊದಲು ಬೆರಗಾಗಿ ನೋಡಿದರು. ಸರ್ ಬಿಡಲಿಲ್ಲ. ತೊಯ್ದ ಬಟ್ಟೆ ಮೈಗಂಟಿ, ಕನ್ನಡಕದ ತುಂಬ ನೀರು, ಬೆರಳು ಕುಣಿಸುತ್ತಲೇ ಇದ್ದರು. ಕೊನೆಗೆ ಒಬ್ಬ ಮುದುಕ ಅದೇ ರೀತಿ ಬೆರಳಾಡಿಸಿ, ತಲೆಯಾಡಿಸಿ, ವಾಡಿಯ ಕಡೆ ಓಡಿದ. ಭಾಷೆಯಿಲ್ಲದೆ ಹೇಳಿದ್ದು ಸರಿಯಾಗಿ ಮುಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಮಳೆ ತುಸು ಹಿಂಜರಿಯಿತು. ದಿಮ್ಮಿ ಕಂಡದ್ದೇ ತಡ, ಹಗ್ಗ ಕಟ್ಟಿ ಕಂಬಳಿಯನ್ನು ದಾಟಿಸಿದರು. ಚಿಮಣಿಯ ಕಣ್ಣುಗಳು ಒಳಗೆ ಹೋಗಿದ್ದವು. ತುಟಿ ಒಣಗಿ ಬಿಳಿಚಿತ್ತು. ಅಳಲೂ ಅದಕ್ಕೆ ತ್ರಾಣವಿರಲಿಲ್ಲ. ಗಾಡಿಯಲ್ಲಿ ಹೆಂಡತಿ ಚಮಚದಿಂದ ಹನಿಹನಿಯಾಗಿ ಉಪ್ಪು ಸಕ್ಕರೆಯ ನೀರು ಹಾಕುತ್ತಿದ್ದಳು. ಪ್ರತಿ ಹನಿಗೂ ಸರ್ ಹಿಂದೆ ತಿರುಗಿ "ನುಂಗಿತೇನವಾ?" ಎನ್ನುತ್ತಿದ್ದರು. "ನುಂಗಿತು, ಸರ್." "ಈಗ?" "ನುಂಗಿತು, ಸರ್." ನಾನು ಗುಂಡಿ ತಪ್ಪಿಸಲೋ ಜೋರಾಗಿ ಓಡಿಸಲೋ ತಿಳಿಯದೆ ಸ್ಟೇರಿಂಗ್ ಹಿಡಿದಿದ್ದೆ.

ಖಾನಾಪುರದ ಆಸ್ಪತ್ರೆಯಲ್ಲಿ ಕೂಸಿಗೆ ಕೂಡಲೇ ಸಲಾಯಿನ್ ಹಚ್ಚಿದರು. ಡಾಕ್ಟರು, ವಾಡಿಗೆ ಔಷಧ ಕಳಿಸುವ ವ್ಯವಸ್ಥೆಗೆ ತಾವೇ ಓಡಾಡಿದರು. ನಾವು ಪಡಸಾಲೆಯ ಬೆಂಚಿನ ಮೇಲೆ ಕುಳಿತೆವು. ಸರ್ ಕೂರಲಿಲ್ಲ. ಒಳಬಾಗಿಲಿನ ಹತ್ತಿರ ಹೋಗುವುದು, ಬರುವುದು. ಹೊತ್ತು ಮುಳುಗುವ ಮೊದಲು ಒಂದು ತುತ್ತು ತಿನ್ನಿರಿ ಎಂದು ಹೆಂಡತಿ ಕೈಮುಗಿದಳು. ಅವರು ತಮ್ಮ ಹೊಟ್ಟೆಯ ಮೇಲೆ ಕೈ ಇಟ್ಟರು, ಸೋಲಾರ್ ಮಷೀನಿನ ಮಾತು ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಸುನಂದಾ ಹೊರಗೆ ಬಂದಳು. ಕೂಸು ಕಣ್ಣು ಬಿಟ್ಟಿದೆ, ನೀರು ಕೇಳಿತು ಎಂದಳು. ನನ್ನ ಹೆಂಡತಿ ಅವಳನ್ನು ಅಪ್ಪಿಕೊಂಡು ಅತ್ತಳು. ಸರ್ ಅವಳ ಮುಂದೆ ಹೋಗಿ ನಿಂತರು. ಏನು ಹೇಳಬೇಕೆಂದಿದ್ದರೋ, ಅವರ ಹತ್ತಿರ ಇದ್ದ ಪೇಟೆ ಮರಾಠಿಯಲ್ಲಿ ಅದಕ್ಕೆ ಮಾತಿರಲಿಲ್ಲ. ಆಕೆಯೇ ಮಾತಾಡಿದಳು. ಬೈಯಲಿಲ್ಲ, ದೂರಲೂ ಇಲ್ಲ. ತಾನು ಹೇಳಿದ ಕೆಲಸ ಬಿಟ್ಟಿಲ್ಲ ಎಂದು ತಿಳಿಸುವವಳ ಹಾಗೆ ಹೇಳಿದಳು.

"ತುಮ್ಹೀ ಧುವಾ ಮ್ಹಣಾಲಾತ, ಸಾಹೇಬ. ಮೀ ಧುತಲಂ."

ನೀವು ತೊಳಿ ಅಂದಿರಿ, ನಾನು ತೊಳೆದೆ. ಮಗಳು ವಾಂತಿ ಮಾಡುತ್ತ ಮಲಗಿದ್ದಾಗ ಆಕೆ ಸುರಿಯುವ ಮಳೆಯಲ್ಲಿ ಮರಳಿನ ಟಾಕಿ ತೊಳೆದಿದ್ದಳು. ಸರ್ ಪಡಸಾಲೆಯ ಮೆಟ್ಟಿಲಿಳಿದು ಅಂಗಳದ ಜಿಟಿಜಿಟಿಯಲ್ಲಿ ಹೋಗಿ ನಿಂತರು. ನಾನು ಕೊಡೆ ಹಿಡಿದು ಹೋದೆ. ಬೇಡವೆಂದು ಕೈ ಮಾಡಿದರು.

ವಾಡಿಯ ಮಕ್ಕಳೆಲ್ಲ ಗುಣವಾದರು. ಸರ್ ಗುಣವಾದರೆಂದು ನನಗೆ ಅನಿಸುವುದಿಲ್ಲ. ಮುಂದಿನ ಬಿಸಿಲಿಗೆ ಎಲ್ಲ ಯಂತ್ರಗಳಿಗೂ ನಾವು ವಾಲ್ವ್ ಕೂಡಿಸಿದೆವು. ದೀಪ ಆರಿದರೆ ನೀರೂ ನಿಲ್ಲುತ್ತದೆ. ಜನ ಹಳ್ಳಕ್ಕೆ ಹೋಗಬಾರದೆಂದು, ಬಿಸಿಲಿದ್ದಾಗಲೇ ಶುದ್ಧ ಮಾಡಿ ತುಂಬಿಡುವ ದೊಡ್ಡ ಮುಚ್ಚಿದ ಟಾಕಿಗಳನ್ನೂ ಇಟ್ಟೆವು. ನನ್ನ ಮಾತು ನಿಜವಾಯಿತೆಂದು ನಾನು ಎಂದೂ ಆಡಿ ತೋರಿಸಲಿಲ್ಲ. ಅವರ ಮುಖ ನೋಡಿದರೆ ಯಾರಿಗೂ ಆಡಲಾಗುತ್ತಿರಲಿಲ್ಲ.

ಆಮೇಲೆ ಅವರು ನನ್ನ ಹೆಂಡತಿಯ ಹತ್ತಿರ ಮರಾಠಿ ಕಲಿಯಲು ಬಂದರು. ಪಕ್ಕದ ಮನೆಯ ಮಗುವಿನ ಮರಾಠಿ ಸಾಲಿಯ ಒಂದನೆಯ ಇಯತ್ತೆಯ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು, ಬೆರಳು ಹಿಡಿದು, ದೊಡ್ಡ ದನಿಯಲ್ಲಿ ಓದುತ್ತಿದ್ದರು. ಪ್ರತಿ ಮಾತಿಗೂ "ಇದಕ್ಕ ಬ್ಯಾರೆ ಅರ್ಥ ಇದ್ರ?" ಎಂದು ಕೇಳಿ ಅವಳ ಪ್ರಾಣ ತಿನ್ನುತ್ತಿದ್ದರು. ಅವಳು ಸೆರಗು ಬಾಯಿಗೆ ಹಿಡಿದು ನಗುವುದನ್ನು ಬಿಟ್ಟಿದ್ದಳು. 'ಸೋಸು' ಎಂಬ ಮಾತನ್ನು ಮಾತ್ರ ಅವರು ಬಾಯಿಂದಲೇ ತೆಗೆದುಹಾಕಿದರು. "ಮನ್ಯಾಗೂ ಆಡಂಗಿಲ್ಲ ತಮ್ಮಾ" ಎಂದು ಅವರ ಮನೆಯವರು ಒಮ್ಮೆ ಹೇಳಿದರು. "ಅರಿವ್ಯಾಗ ನೀರ ಹಾಯ್ಸು ಅಂತಾರ. ಸೋಸೂದು ಅನ್ನೂದು ಅವರವ್ವ ಕಲಿಸಿದ ಮಾತು."

ಫೋನಿನ ಪ್ರಶ್ನೆಯೂ ಬದಲಾಯಿತು. ಈಗ ಮೊದಲು ಕೇಳುವುದು "ಪೋರಂ ಕಶೀ ಆಹೇತ?" ಮಕ್ಕಳು ಹೇಗಿದ್ದಾರೆ? ಒಂದೊಂದು ಮಗುವಿನ ಹೆಸರು ಹಿಡಿದು ಕೇಳುವರು. ಆಮೇಲೆ ಕಿಂಡಿಯಲ್ಲಿ ಯಾವ ಬಣ್ಣ ಕಾಣುತ್ತಿದೆ ಎಂದು. ಹೌದು ಅಲ್ಲ ಎಂದು ಉತ್ತರ ಕೊಡುವಂಥ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ವಾಡಿಗಳ ಜನಕ್ಕೆ ಸಾಹೇಬರು ಯಂತ್ರದ ಕಡೆಯವರೆಂಬುದೇ ಮರೆತುಹೋಗಿ, ಹೆಣ್ಣುಮಕ್ಕಳು ತವರಿನ ಹಿರಿಯರಿಗೆ ಹೇಳಿಕೊಳ್ಳುವಂತೆ ಕೂಸಿನ ಹಲ್ಲು, ಕೂಸಿನ ಕೆಮ್ಮು ಎಲ್ಲ ಹೇಳಿಕೊಳ್ಳುತ್ತಿದ್ದರು.

ಈಗ ಅವರಿಲ್ಲದ ಮೊದಲ ಮಳೆಗಾಲ. ಫೋನ್ ಮಾಡುವ ಕೆಲಸ ನನ್ನದಾಗಿದೆ. ಸರ್ ಹೋದ ಸುದ್ದಿಯನ್ನು ವಾಡಿಗಳಿಗೆ ಹೇಳುವ ಧೈರ್ಯ ಮಾತ್ರ ನನಗೆ ಬಂದಿರಲಿಲ್ಲ. ಮೊನ್ನೆ ಬೆಳಗಾವಿಯಲ್ಲಿ ಬಿಸಿಲಿತ್ತು. ಕ್ಯಾಂಪಿನ ಅದೇ ಅಂಗಡಿಯ ಮುಂದೆ ನಾನು ಎಷ್ಟು ಹೊತ್ತಿನಿಂದ ಖಾನಾಪುರದ ಕಡೆ ನೋಡುತ್ತ ನಿಂತಿದ್ದೆನೋ, ಅಂಗಡಿಯವನು "ಸಾಹೇಬ್ರ, ಚಾ ಆರೇತ್ರಿ" ಎಂದಾಗ ಎಚ್ಚರವಾಯಿತು. ಅಷ್ಟರಲ್ಲಿ ಫೋನ್ ಬಂತು. ಸುನಂದಾ. ತಾನಾಗಿ ಫೋನ್ ಮಾಡುವವಳಲ್ಲ ಅವಳು.

"ದಾದಾ..." ಅಣ್ಣಾ ಎಂದೇ ಅವಳು ನನ್ನನ್ನು ಕರೆಯುವುದು. ಗಾಳಿಯ ಭೋರಾಟ. ಮಾತು ಹರಿದುಹರಿದು ಬರುತ್ತಿತ್ತು. "ದಾದಾ... ಸೋಸತ ನಾಹೀ..."

"ಕುಣಾಲಾ? ಯಾರಿಗೆ? ಪೋರಾಂನಾ? ಚಿಮಣಿ ಹೆಂಗದಾಳ?" ಎಂದು ರಸ್ತೆಯೆಲ್ಲ ತಿರುಗಿ ನೋಡುವಂತೆ ಒದರಿದೆ. ಲೈನು ಕಟ್ಟಾಯಿತು. ತಿರುಗಿ ಹಚ್ಚಿದರೆ ಅದೇ ಹೆಣ್ಣುದನಿ, ವ್ಯಾಪ್ತಿ ಪ್ರದೇಶದ ಹೊರಗೆ. ವಾಲ್ವ್ ಕೂಡಿಸಿದ್ದೇವಲ್ಲ, ದೊಡ್ಡ ಟಾಕಿ ಇದೆಯಲ್ಲ. ಆದರೆ ವಾಲ್ವ್ ಕೆಟ್ಟಿದ್ದರೆ? ಟಾಕಿ ಬರಿದಾಗಿದ್ದರೆ? ಹಳ್ಳ ಏರಿದ್ದರೆ? ಹೆಂಡತಿಗೆ ಫೋನ್ ಹಚ್ಚಿ, ನೀರು ಕುದಿಸು, ಥರ್ಮಾಸ್ ತೆಗೆದುಕೋ, ಬಂದೆ ಎಂದೆ. ಗಾಡಿಯ ಕಡೆ ಓಡಿದೆ.

ಮತ್ತೆ ಫೋನ್ ರಿಂಗಾಯಿತು. ಈ ಸಲ ದನಿ ಸ್ವಚ್ಛವಿತ್ತು. ನನ್ನ ಗಾಬರಿ ಅವಳಿಗೆ ಮುಟ್ಟಿತ್ತೆಂದು ತೋರುತ್ತದೆ. ತನಗೆ ಬರುವ ಮುರುಕು ಕನ್ನಡದಲ್ಲಿ, ಒಂದೊಂದೇ ಮಾತನ್ನು ಇಳಿಸಿ ಇಳಿಸಿ ಹೇಳಿದಳು.

"ಹೆದರಬ್ಯಾಡ್ರಿ, ದಾದಾ. ನೀರ ಛಲೋ ಐತಿ. ಪೋರಂ ಛಲೋ ಅದಾವ. ಚಿಮಣಿ ಸಾಲಿಗೆ ಹೋಗೇತಿ. ಕಿಂಡ್ಯಾಗ ನೀಲಿ ಐತಿ, ನಾ ಈಗ ನೋಡಿ ಬಂದೇನಿ." ಆಮೇಲೆ ಹೇಳಿದಳು: "ಸಾಹೇಬ ಹೋದ್ರು ಅಂತ ನಿನ್ನೆ ತಿಳೀತು. ತೇ ಸೋಸತ ನಾಹೀ, ದಾದಾ."

ಅದನ್ನು ತಾಳಲಾಗುತ್ತಿಲ್ಲ. ಬಂಡೆಗಲ್ಲಿನ ಮೇಲೆ ಮಳೆಯಲ್ಲಿ ನಿಂತು ಆಕೆ ಅಳುತ್ತಿದ್ದಳು. ನಾನು ಕ್ಯಾಂಪಿನ ಬಿಸಿಲಿನಲ್ಲಿ ನಿಂತಿದ್ದೆ. ಅವರು ಹೋದ ದಿನದಿಂದ ನನಗೆ ಆಗುತ್ತಿರುವುದೇನೆಂದು ಹೆಂಡತಿಗೂ ನಾನು ಹೇಳಿರಲಿಲ್ಲ. ಕನ್ನಡದಲ್ಲಿ ಅದಕ್ಕೆ ಸರಿಯಾದ ಮಾತು ನನಗೆ ಸಿಕ್ಕಿರಲಿಲ್ಲ.

"ಮಲಾ ಬೀ ಸೋಸತ ನಾಹೀ, ತಾಯೀ" ಎಂದೆ. ನನಗೂ.